ಎಂಎಸ್ಸಿ ಅಗ್ರಿ ಮಾಡಿದ್ರ ಏನ್ ಸಿಗ್ತೈತ್ರಿ?

ಇವತ್ತಿನ ಮಾತು ಶುರುವಾಗೋದು ಒಂದು ಫೋನ್ ಕರೆಯಿಂದ.

ಬೆಳೆ ವಿಮೆ ಬಗ್ಗೆ ನಾವೊಂದು ಫೋನ್-ಇನ್ ಕಾರ್ಯಕ್ರಮ ಮಾಡಿದ್ವಿ. ಮುಗಿಸಿ ಇಯರ್‌ಪೀಸ್ ತೆಗೀತಿದ್ದೆ, ಕಂಟ್ರೋಲ್ ರೂಮಿನ ಹುಡುಗ ಬಂದು ಹೇಳಿದ: "ಸರ್, ಒಬ್ಬರು ಇನ್ನೂ ಲೈನಲ್ಲೇ ಇದ್ದಾರೆ, ಫೋನ್ ಇಡ್ತಾನೇ ಇಲ್ಲ." ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರು. ವಿಮೆ ಬಗ್ಗೆ ಅವರಿಗೆ ಏನೂ ಕೇಳೋದಿರಲಿಲ್ಲ.

"ನಮ್ಮ ಹುಡುಗ ಬಿಎಸ್ಸಿ ಅಗ್ರಿ ಮುಗಿಸ್ಯಾನ್ರಿ ಸರ್. ಈಗ ಎಂಎಸ್ಸಿ ಮಾಡ್ತೀನಿ, ರಿಸರ್ಚ್ ಮಾಡ್ತೀನಿ ಅಂತಾನ. ಮತ್ತ ಎರಡು ವರ್ಷ ಓದಿದ್ರ ಏನ್ ಸಿಗ್ತೈತ್ರಿ? ಬ್ಯಾಂಕ್ ಪರೀಕ್ಷಾ ಬರಿ ಅಂತ ನೀವರ ಒಂದ್ ಮಾತು ಹೇಳ್ರಿ. ನಿಮ್ಮ ಮಾತಾದ್ರ ಕೇಳ್ತಾನ."

ನಾನು ಹೇಳಲಿಲ್ಲ. "ಒಂದು ವಾರ ಟೈಮ್ ಕೊಡಿ ಯಜಮಾನ್ರೇ, ತಿಳ್ಕೊಂಡು ಹೇಳ್ತೀನಿ" ಅಂದೆ. ತಿಳ್ಕೊಂಡಿದ್ದನ್ನ ಅವರೊಬ್ಬರಿಗೇ ಯಾಕೆ ಹೇಳಬೇಕು, ನಿಮಗೆಲ್ಲ ಹೇಳ್ತೀನಿ. ಯಾಕಂದ್ರೆ ಪಿಯುಸಿ ಮುಗಿಸಿದ ಮಕ್ಕಳ ಅಪ್ಪ-ಅಮ್ಮಂದಿರು ಎಂಜಿನಿಯರಿಂಗ್ ಬಗ್ಗೆ, ನೀಟ್ ಬಗ್ಗೆ ಗಂಟೆಗಟ್ಟಲೆ ಮಾತಾಡ್ತಾರೆ. ಕೃಷಿ ಸಂಶೋಧನೆ ಅಂದ್ರೆ ಮಾತ್ರ, ಓದಿ ಮುಗಿದ ಮೇಲೂ ಓದೋರು ಮಾಡೋ ಕೆಲಸ ಅನ್ನೋ ಭಾವನೆ.

ಮೊದಲು ಅದೇನು ಅಂತ ನೋಡೋಣ. ಬಿಎಸ್ಸಿ ಕೃಷಿ ನಾಲ್ಕು ವರ್ಷ. ಅದರಲ್ಲಿ ಬೇರೆಯವರು ಕಂಡುಹಿಡಿದಿದ್ದನ್ನ ನೀವು ಕಲೀತೀರಿ. ಎಂಎಸ್ಸಿ ಎರಡು ವರ್ಷ, ಅದರಲ್ಲಿ ಪಾಠದ ಜೊತೆಗೆ ಒಂದು ಥೀಸಿಸ್. ಅಂದ್ರೆ ಯಾರೂ ಉತ್ತರ ಕೊಡದ ಒಂದು ಪ್ರಶ್ನೆಯನ್ನ ನೀವು ಆರಿಸಿಕೊಳ್ಳಬೇಕು, ಅದಕ್ಕೊಬ್ಬರು ಗೈಡ್ ಇರ್ತಾರೆ, ಅವರ ಜೊತೆ ಒಂದು ಸಲಹಾ ಸಮಿತಿ. ಹೊಲದಲ್ಲೋ ಲ್ಯಾಬಿನಲ್ಲೋ ಪ್ರಯೋಗ ಹಾಕಿ, ಅಳೆದು, ಲೆಕ್ಕ ಹಾಕಿ, ಉತ್ತರ ಬರೆದುಕೊಡಬೇಕು. ಪಿಎಚ್‌ಡಿ ಅಂದ್ರೆ ಇದೇ ಕೆಲಸ, ಇನ್ನೂ ಆಳಕ್ಕೆ, ಕನಿಷ್ಠ ಮೂರು ವರ್ಷ.

ನಾನು ಎಂಜಿನಿಯರಿಂಗ್ ಓದಿದವನು. ಸತ್ಯ ಹೇಳ್ತೀನಿ, ನಮ್ಮ ಫೈನಲ್ ಇಯರ್ ಪ್ರಾಜೆಕ್ಟ್ ಹಿಂದಿನ ಬ್ಯಾಚಿನವರದ್ದೇ. ಕವರ್ ಪೇಜ್ ಬದಲಾಯಿಸಿದ್ವಿ, ಎರಡು ಗ್ರಾಫಿನ ಬಣ್ಣ ಬದಲಾಯಿಸಿದ್ವಿ. ಅದರಿಂದ ಯಾರಿಗೂ ನಷ್ಟ ಆಗಲಿಲ್ಲ, ಯಾಕಂದ್ರೆ ಅದನ್ನ ಯಾರೂ ಓದಲಿಲ್ಲ. ಆದ್ರೆ ವಿಜಯಪುರದ ಹೊಲದಲ್ಲಿ ನಿಂತು ಕೇಳಬೇಕಾದ ಪ್ರಶ್ನೆ ಹಾಗಲ್ಲ. ಅದನ್ನ ಅಳೀದೇ ಬಿಟ್ಟರೆ ನಷ್ಟ ಆಗೋದು ಆ ಫೋನ್ ಮಾಡಿದ ಯಜಮಾನರಿಗೇ.

ಯಾಕೆ ಅಂತ ಹೇಳ್ತೀನಿ. ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

1876ರಿಂದ 78ರವರೆಗೆ ಬಿದ್ದ ಬರ ಈ ಸೀಮೆಯನ್ನ ಹಿಂಡಿ ಹಾಕಿತ್ತು. ಆಗ ಇದು ಕಲಾದಗಿ ಜಿಲ್ಲೆ. ಬರ ಆಮೇಲೂ ಬಿಡಲಿಲ್ಲ. ಅದಕ್ಕೇ 1933ರ ಹೊತ್ತಿಗೆ ದೇಶದಲ್ಲಿ ಐದು ಕಡೆ ಒಣ ಬೇಸಾಯದ ಸಂಶೋಧನೆ ಶುರು ಮಾಡಿದಾಗ, ಅದರಲ್ಲಿ ವಿಜಯಪುರವೂ ಒಂದಾಯ್ತು. ಉಳಿದವು ಸೊಲ್ಲಾಪುರ, ರಾಯಚೂರು, ಬಳ್ಳಾರಿ ಹತ್ತಿರದ ಹಗರಿ, ಮತ್ತೆ ದೂರದ ರೋಹ್ಟಕ್. ಅಂದ್ರೆ ಐದರಲ್ಲಿ ಮೂರು ಇವತ್ತಿನ ಕರ್ನಾಟಕದಲ್ಲೇ ಇವೆ! ಸೊಲ್ಲಾಪುರ, ವಿಜಯಪುರದ ಕೆಲಸದಿಂದ ಹುಟ್ಟಿದ್ದಕ್ಕೆ ಮುಂಬೈ ಒಣ ಬೇಸಾಯ ಪದ್ಧತಿ ಅಂತ ಹೆಸರು. ಒಡ್ಡು ಹಾಕು, ಕೆಲವು ವರ್ಷಕ್ಕೊಮ್ಮೆ ಆಳವಾಗಿ ನೇಗಿಲು ಹೊಡಿ, ಬೀಜ ಕಡಿಮೆ ಹಾಕು, ಸಾಲು ಅಗಲ ಬಿಡು, ಮತ್ತೆ ಮತ್ತೆ ಎಡೆ ಹೊಡಿ. ಇದಿಷ್ಟು ಅದರ ಸಾರ. ಇಳುವರಿ ಹೆಚ್ಚಿದ್ದು ಸ್ವಲ್ಪವೇ, ರೈತರೂ ಹುರುಪಿನಿಂದ ಹಿಡಿಯಲಿಲ್ಲ. ಆದ್ರೆ ಮಳೆ ನೀರನ್ನ ಬಿದ್ದಲ್ಲೇ ಹಿಡಿಯಬೇಕು ಅನ್ನೋ ಮಾತು ಉಳೀತು. ಇವತ್ತು ಎರೆ ಹೊಲದಲ್ಲಿ ಹಿಂಗಾರಿಗೆ ಮುಂಚೆ ಚೌಕು ಮಡಿ ಮಾಡ್ತಾರಲ್ಲ, ಅದರ ಹಿಂದೆ ಇರೋದೂ ಇದೇ ಮಾತು.

1970ರಲ್ಲಿ ಅಖಿಲ ಭಾರತ ಒಣ ಬೇಸಾಯ ಸಮನ್ವಯ ಯೋಜನೆ ಬಂತು, ಅದರ ಒಂದು ಕೇಂದ್ರ ವಿಜಯಪುರದಲ್ಲಿದೆ. 1986ರಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯ ಆಯ್ತು. ಅದರ ಅಡಿಯಲ್ಲಿ ಹಿಟ್ನಳ್ಳಿ ಫಾರ್ಮಿನಲ್ಲಿ ಪ್ರಾದೇಶಿಕ ಕೃಷಿ ಸಂಶೋಧನಾ ಕೇಂದ್ರ, ಕೃಷಿ ಮಹಾವಿದ್ಯಾಲಯ, ಕೃಷಿ ವಿಜ್ಞಾನ ಕೇಂದ್ರ. ಬಿಳಿಜೋಳದ ಬಿಜೆವಿ-44 ತಳಿ ಕೇಳಿದ್ದೀರಲ್ಲ? ಆ 'ಬಿಜೆ' ಅಂದ್ರೆ ನಮ್ಮ ಬಿಜಾಪುರವೇ. ಹಿಟ್ನಳ್ಳಿಯ ಕಾಲೇಜಿನಲ್ಲಿ ಸ್ನಾತಕೋತ್ತರ ಓದಿಗೂ ಅವಕಾಶ ಇದೆ. ತೋಟಗಾರಿಕೆ ಬೇಕು ಅನ್ನೋರಿಗೆ ಪಕ್ಕದ ಬಾಗಲಕೋಟೆಯಲ್ಲೇ 2008ರಲ್ಲಿ ಶುರುವಾದ ತೋಟಗಾರಿಕಾ ವಿಶ್ವವಿದ್ಯಾಲಯ ಇದೆ. ಹೀಗಿರುವಾಗ ಸಂಶೋಧನೆ ಅಂದ್ರೆ ಬೆಂಗಳೂರಿಗೋ ದಿಲ್ಲಿಗೋ ಹೋಗಬೇಕು ಅನ್ನೋ ಮಾತು ವಿಜಯಪುರದವರ ಬಾಯಲ್ಲಂತೂ ಬರಬಾರದು.

ಈಗ ತಿಕೋಟಾ, ಬಬಲೇಶ್ವರದ ವಿಚಾರ. ನನಗೆ ಈ ಇಡೀ ವಿಷಯದಲ್ಲಿ ನಿದ್ದೆ ಕೆಡಿಸಿದ್ದು ಇದೇ.

ಬರದ ವರ್ಷಗಳಲ್ಲಿ ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರು ಟ್ಯಾಂಕರ್ ನೀರು ಕೊಂಡು ಬಳ್ಳಿ ಉಳಿಸಿಕೊಂಡಿದ್ದನ್ನ ನಾವೇ ತೋರಿಸಿದ್ದೀವಿ. ಆಮೇಲೆ ಏತ ನೀರಾವರಿ ಬಂತು. ತುಬಚಿ-ಬಬಲೇಶ್ವರ ಯೋಜನೆಯಿಂದ ಕೃಷ್ಣೆಯ ನೀರು ಮೇಲಕ್ಕೆ ಹತ್ತಿತು, ಕೆರೆ ತುಂಬಿದವು. ತಲೆಮಾರುಗಟ್ಟಲೆ ಕಾದ ಜನ, ಅವರ ಸಂತೋಷದಲ್ಲಿ ನನಗೆ ಯಾವ ತಕರಾರೂ ಇಲ್ಲ. ಜೋಳ, ಕಡಲೆ, ಕುಸುಬಿ ಇದ್ದ ಕಡೆ ಕಬ್ಬು ಬಂತು, ದ್ರಾಕ್ಷಿ ಹೆಚ್ಚಾಯ್ತು. ಕ್ಯಾಮೆರಾ ತೊಗೊಂಡು ಹೋದ್ರೆ ಹಸಿರೋ ಹಸಿರು.

ಆದ್ರೆ ಕ್ಯಾಮೆರಾಕ್ಕೆ ಕಾಣದ್ದು ಒಂದಿದೆ, ಉಪ್ಪು.

ಡೋಣಿ ಹೊಳೆ ನೀರು ಸವಳು, ಅದು ಜಿಲ್ಲೆಯ ಎಲ್ಲರಿಗೂ ಗೊತ್ತು. ಆದರೂ ಡೋಣಿ ಬೆಳೆದರೆ ಓಣಿಯೆಲ್ಲ ಕಾಳು ಅನ್ನೋ ಗಾದೆ ಹುಟ್ಟಿದ್ದು ಅದೇ ದಂಡೆಯಲ್ಲಿ. ಇದು ಹೇಗೆ? ಉತ್ತರ ಜೋಳದಲ್ಲಿದೆ. ಮಣ್ಣಿನ ಉಪ್ಪನ್ನ ಅಳೆಯೋಕೆ ಇ.ಸಿ. ಅಂತ ಒಂದು ಮಾಪನ ಇದೆ. ನೀರಿನಲ್ಲಿ ಉಪ್ಪು ಹೆಚ್ಚಿದಷ್ಟೂ ಕರೆಂಟ್ ಸುಲಭವಾಗಿ ಹರಿಯುತ್ತೆ, ಎಷ್ಟು ಸುಲಭ ಅನ್ನೋದನ್ನ ಅಳೆದರೆ ಉಪ್ಪಿನ ಲೆಕ್ಕ ಸಿಗುತ್ತೆ. ಎಂಜಿನಿಯರಿಂಗ್ ಓದಿದವನಿಗೆ ಖುಷಿ ಕೊಡೋ ವಿಚಾರ. ಜಗತ್ತಿನಾದ್ಯಂತ ಬಳಸೋ ಕೋಷ್ಟಕದ ಪ್ರಕಾರ ಜೋಳದ ಇಳುವರಿ ಬೀಳೋಕೆ ಶುರುವಾಗೋದು ಮಣ್ಣಿನ ಇ.ಸಿ. 6.8 ದಾಟಿದ ಮೇಲೆ. ಕಬ್ಬಿಗೆ ಆ ಗೆರೆ 1.7. ದ್ರಾಕ್ಷಿಗೆ ಬರೀ 1.5! ಟೊಮೆಟೊಗೆ 2.5. ದ್ರಾಕ್ಷಿಯಲ್ಲಿ ಆ ಗೆರೆ ದಾಟಿದ ಮೇಲೆ ಒಂದೊಂದು ಅಂಕ ಹೆಚ್ಚಿದಂತೆ ಇಳುವರಿ ಶೇಕಡಾ 9-10ರಷ್ಟು ಕುಸಿಯುತ್ತೆ.

ಅರ್ಥ ಏನು? ಅದೇ ಹೊಲ, ಅದೇ ಮಣ್ಣು. ಅಜ್ಜ ಜೋಳ ಹಾಕ್ತಿದ್ದಾಗ ಉಪ್ಪು ಇದ್ದೂ ಇಲ್ಲದ ಹಾಗಿತ್ತು. ಮೊಮ್ಮಗ ದ್ರಾಕ್ಷಿ ಹಾಕಿದ ದಿನ ಅದೇ ಉಪ್ಪು ವೈರಿಯಾಯ್ತು. ಅದರ ಮೇಲೆ ಎರೆ ಮಣ್ಣು ನೀರನ್ನ ಸುಲಭವಾಗಿ ಕೆಳಕ್ಕೆ ಬಿಡೋದಿಲ್ಲ. ನೀರು ಹಾಯಿಸ್ತಾ ಹೋದ್ರೆ ಕೆಳಗಿನ ನೀರಿನ ಮಟ್ಟ ಏರುತ್ತೆ, ಬಿಸಿಲಿಗೆ ಮೇಲಿನ ನೀರು ಆವಿಯಾಗಿ ಉಪ್ಪು ಹಿಂದೆ ಉಳಿಯುತ್ತೆ. ಇದಕ್ಕೇ ನಮ್ಮ ಕಡೆ ಸವಳು-ಜವಳು ಅನ್ನೋದು. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಈ ಪಾಠ ಆಗಲೇ ಆಗಿದೆ. ಗಂಗಾವತಿಯ ಸಂಶೋಧನಾ ಕೇಂದ್ರ ವರ್ಷಗಟ್ಟಲೆ ಉಪ್ಪು ಮಣ್ಣಿನ ಮೇಲೇ ಕೆಲಸ ಮಾಡ್ತಿದೆ, ಭೂಮಿಯೊಳಗೆ ಪೈಪ್ ಹೂತು ನೀರು ಬಸಿಯೋ ವ್ಯವಸ್ಥೆ ತನಕ. ಕೆಟ್ಟ ಮೇಲೆ ಸರಿ ಮಾಡೋ ಖರ್ಚು ಎಷ್ಟು ಅಂತ ಅಲ್ಲಿಯವರನ್ನ ಕೇಳಿ.

ತಿಕೋಟಾ, ಬಬಲೇಶ್ವರ ಈಗ ಕೆಡುವ ಮುಂಚಿನ ಹಂತದಲ್ಲಿವೆ. ಅಂದ್ರೆ ಅಳೆಯೋಕೆ ಇದಕ್ಕಿಂತ ಒಳ್ಳೆ ಸಮಯ ಇಲ್ಲ. ಕಾಲುವೆ ಬರುವ ಮುಂಚಿನ ಮಣ್ಣು, ಬಂದ ಮೇಲಿನ ಮಣ್ಣು, ಬೋರ್ ನೀರಿನ ತೋಟ, ಕಾಲುವೆ ನೀರಿನ ತೋಟ, ಡ್ರಿಪ್ ಇರೋ ಕಬ್ಬು, ಸಾಲಿಗೆ ನೀರು ಬಿಡೋ ಕಬ್ಬು. ಪಕ್ಕಪಕ್ಕದಲ್ಲೇ ಎಲ್ಲ ಇವೆ. ಮಣ್ಣು ವಿಜ್ಞಾನದ ವಿದ್ಯಾರ್ಥಿಗೆ ಇದು ತೆರೆದಿಟ್ಟ ಪ್ರಯೋಗಶಾಲೆ. ಬರ, ಉಪ್ಪು ತಡೀಲಿ ಅಂತ ನಮ್ಮ ಬೆಳೆಗಾರರು ಡಾಗ್‌ರಿಜ್ ಬೇರಿನ ಮೇಲೆ ಕಸಿ ಮಾಡಿದ ಬಳ್ಳಿ ಹಾಕಿದ್ದಾರೆ. ಅದು ಈ ಮಣ್ಣಿನಲ್ಲಿ, ಈ ನೀರಿನಲ್ಲಿ, ಹದಿನೈದನೇ ವರ್ಷಕ್ಕೆ ಹೇಗಿರುತ್ತೆ? ಇದು ತೋಟಗಾರಿಕೆ ಓದೋನ ಪ್ರಶ್ನೆ. ಚಾಟ್ನಿ ಆದ ಮೇಲೆ ಎಷ್ಟು ಸಲ ಔಷಧಿ ಹೊಡೀತಾರೆ, ಅದರಲ್ಲಿ ಎಷ್ಟು ಬೇಕಿತ್ತು, ಎಷ್ಟು ಪಕ್ಕದ ತೋಟದವನು ಹೊಡೆದ ಅಂತ ಹೊಡೆದಿದ್ದು? ಇದು ರೋಗಶಾಸ್ತ್ರಕ್ಕೂ ವಿಸ್ತರಣಾ ವಿಭಾಗಕ್ಕೂ ಸೇರಿದ್ದು. ಇದೇನು ಸಣ್ಣ ವಿಚಾರ ಅಂದ್ಕೋಬೇಡಿ. 2010ರಲ್ಲಿ ಯುರೋಪಿಗೆ ಹೋದ ಭಾರತದ ದ್ರಾಕ್ಷಿ, ಬಳ್ಳಿಯ ಬೆಳವಣಿಗೆ ತಡೆಯೋಕೆ ಬಳಸೋ ಒಂದೇ ಒಂದು ರಾಸಾಯನಿಕದ ಶೇಷ ಸಿಕ್ಕಿದ್ದಕ್ಕೆ ತಿರಸ್ಕಾರ ಆಯ್ತು. ಆ ಒಂದು ಸೀಸನ್ ಎಷ್ಟು ಬೆಳೆಗಾರರ ಸಾಲವಾಗಿ ಉಳೀತು ಅನ್ನೋದನ್ನ ನಾಸಿಕ್ ಕಡೆಯವರು ಇನ್ನೂ ಮರೆತಿಲ್ಲ.

ಈಗ ಊರೊಳಗೆ ಬನ್ನಿ. ನಗರ ಕೃಷಿ ಅಂತ ಈಗ ಎಲ್ಲ ಕಡೆ ಕೇಳ್ತೀರಿ. ಟೆರೇಸ್ ಮೇಲೆ ಬದನೆ, ಬಾಲ್ಕನಿಯಲ್ಲಿ ಮೆಂತ್ಯ. ಬೆಂಗಳೂರಿನವರ ಶೋಕಿ ಅಂತ ತಳ್ಳಿ ಹಾಕಬೇಡಿ. ವಿಜಯಪುರ ನಗರಕ್ಕೆ ಇದು ಹಳೇ ವಿದ್ಯೆ. ತೊರವಿಯಿಂದ, 1651ರಲ್ಲಿ ಕಟ್ಟಿದ ಬೇಗಂ ತಲಾಬಿನಿಂದ ನೆಲದಡಿಯ ಕಾಲುವೆಯಲ್ಲಿ ನೀರು ತಂದು, ದಾರಿಯಲ್ಲಿ ಗಂಜ್ ಕಟ್ಟಿ, ಒತ್ತಡ ಇಳಿಸಿ, ಹೂಳು ಕೂರಿಸಿ ಊರಿಗೂ ತೋಟಕ್ಕೂ ಹಂಚಿದವರು ಆದಿಲ್‌ಶಾಹಿಗಳು. ಆ ಗಂಜ್‌ಗಳು ಇವತ್ತೂ ನಿಂತಿವೆ. ನೀರು ಎಷ್ಟಿದೆ ಅಂತ ಲೆಕ್ಕ ಹಾಕಿ ಆಮೇಲೆ ತೋಟ ಮಾಡೋ ಬುದ್ಧಿ ಅವರದ್ದು.

ನಾವೂ ಒಂದು ಲೆಕ್ಕ ಹಾಕೋಣ, ಪೆನ್ನು ತೊಗೊಳ್ಳಿ. ನಿಮ್ಮ ಟೆರೇಸ್ 100 ಚದರ ಮೀಟರ್ ಅಂತಿಟ್ಕೊಳ್ಳಿ, ಹೆಚ್ಚೂ ಕಡಿಮೆ ಒಂದು ಮೂವತ್ತು-ನಲವತ್ತು ಸೈಟು. ವಿಜಯಪುರದ ಮಳೆ ವರ್ಷಕ್ಕೆ 550 ಮಿಲಿಮೀಟರ್ ಅಂತ ಸ್ವಲ್ಪ ಕೈ ಬಿಗಿ ಹಿಡಿದೇ ತೊಗೊಳ್ಳೋಣ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಅಂದ್ರೆ ಒಂದು ಲೀಟರ್. ಹಾಗಾದ್ರೆ 55 ಸಾವಿರ ಲೀಟರ್. ಐದನೇ ಒಂದು ಭಾಗ ಹಾಳಾಯ್ತು ಅಂದ್ರೂ 44 ಸಾವಿರ ಲೀಟರ್ ಉಳೀತು. ಇನ್ನು 10 ಚದರ ಮೀಟರ್ ಜಾಗದಲ್ಲಿ ತರಕಾರಿ ಹಾಕಿದ್ರಿ, ಮೀಟರಿಗೆ ದಿನಕ್ಕೆ ಸರಾಸರಿ ಐದು ಲೀಟರ್ ಬೇಕು. ದಿನಕ್ಕೆ 50, ವರ್ಷಕ್ಕೆ 18 ಸಾವಿರ ಚಿಲ್ಲರೆ. ನೀರು ಧಾರಾಳ ಆಯ್ತಲ್ಲ!

ಆಗಲಿಲ್ಲ. ಮಳೆ ಬರೋದು ನಾಲ್ಕೈದು ತಿಂಗಳು, ಅದರಲ್ಲೂ ಸೆಪ್ಟೆಂಬರ್‌ನಲ್ಲೇ ಹೆಚ್ಚು. ಉಳಿದ ಏಳು ತಿಂಗಳಿಗೆ 10-12 ಸಾವಿರ ಲೀಟರ್ ಕೂಡಿಡೋ ಟ್ಯಾಂಕ್ ಬೇಕು. ಅದರ ಖರ್ಚಿಗೂ ನೀವು ಬೆಳೆಯೋ ಬದನೆಕಾಯಿಯ ಬೆಲೆಗೂ ತಾಳೆ ಆಗುತ್ತಾ? ಎಷ್ಟು ವರ್ಷಕ್ಕೆ? ಇದು ಕೃಷಿ ಅರ್ಥಶಾಸ್ತ್ರದ ಒಂದು ಚೊಕ್ಕ ಥೀಸಿಸ್.

ತೂಕದ ಲೆಕ್ಕ ಇನ್ನೂ ಮಜಾ ಇದೆ. ಒಂದು ಅಡಿ ದಪ್ಪ ಒದ್ದೆ ಮಣ್ಣು ಹಾಕಿದ್ರೆ ಚದರ ಮೀಟರಿಗೆ ಸುಮಾರು 500 ಕೆ.ಜಿ. ಜನ ಓಡಾಡೋ ಚಾವಣಿಗೆ ನಮ್ಮ ದೇಶದ ಕಟ್ಟಡ ಮಾನದಂಡ ಇಟ್ಟುಕೊಳ್ಳೋ ಭಾರ 150 ಕೆ.ಜಿ. ಅದಕ್ಕೇ ಎಲ್ಲರೂ ತೆಂಗಿನ ನಾರಿನ ಪುಡಿ, ಅಂದ್ರೆ ಕೊಕೊಪೀಟ್ ಬಳಸಿ ಅನ್ನೋದು, ಅದು ಹಗುರ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಅದನ್ನ ಹದ ಮಾಡೋ ವಿಧಾನ, ಒಂದರ ಮೇಲೊಂದು ಕುಂಡ ಜೋಡಿಸೋ ಕಬ್ಬಿಣದ ಚೌಕಟ್ಟು ಎಲ್ಲ ಮಾಡಿದೆ. ಒಳ್ಳೇದೇ. ಆದ್ರೆ ವಿಜಯಪುರದಲ್ಲಿ ತೆಂಗು ಎಲ್ಲಿದೆ ಸ್ವಾಮಿ? ಇಲ್ಲಿರೋದು ತೊಗರಿ ಕಟ್ಟಿಗೆ, ಜೋಳದ ದಂಟು, ಚಾಟ್ನಿ ಮಾಡಿದ ದ್ರಾಕ್ಷಿ ಕಡ್ಡಿ, ಸಕ್ಕರೆ ಕಾರ್ಖಾನೆಯ ಪ್ರೆಸ್‌ಮಡ್. ಇವುಗಳಿಂದ ಹಗುರವಾದ, ನೀರು ಹಿಡಿಯೋ ಕುಂಡದ ಮಿಶ್ರಣ ಮಾಡೋಕೆ ಆಗುತ್ತಾ? ಎಷ್ಟು ಪಾಲು ಏನು ಹಾಕಬೇಕು? ಏಪ್ರಿಲ್-ಮೇ ತಿಂಗಳ 40 ಡಿಗ್ರಿ ಬಿಸಿಲಿಗೆ, ಕೆಳಗಿಂದ ಕಾದ ಆರ್‌ಸಿಸಿ, ಮೇಲಿಂದ ಸೂರ್ಯ, ಬೇರು ಎಷ್ಟು ದಿನ ತಡೀತದೆ? ಹಗಲು 35 ದಾಟಿದ್ರೆ ಟೊಮೆಟೊ ಹೂ ಉದುರುತ್ತೆ. ಬೆಂಗಳೂರಿನ ಹವೆಗೆ ಬರೆದ ಟೆರೇಸ್ ಗಾರ್ಡನ್ ಪಟ್ಟಿಯನ್ನ ವಿಜಯಪುರದಲ್ಲಿ ಓದಿ ಹೇಳಿದ್ರೆ ಗಿಡ ಕೇಳಲ್ಲ.

"ಸರಿ, ಆದ್ರೆ ಇಂಥದ್ದರ ಮೇಲೆಲ್ಲ ಯಾರಾದ್ರೂ ಪಿಎಚ್‌ಡಿ ಮಾಡ್ತಾರಾ?" ಮಾಡ್ತಾರೆ. ಮಾಡಿದ್ದಾರೆ, ನಮ್ಮ ರಾಜ್ಯದಲ್ಲೇ.

ಹುಬ್ಬಳ್ಳಿ-ಧಾರವಾಡದ ಚರಂಡಿ ನೀರಿನಲ್ಲಿ ತರಕಾರಿ ಬೆಳೆಯೋದನ್ನ ಧಾರವಾಡ ಕೃಷಿ ವಿಶ್ವವಿದ್ಯಾಲಯದವರೂ ಬ್ರಿಟನ್ನಿನ ಸಂಶೋಧಕರೂ ಸೇರಿ ಅಧ್ಯಯನ ಮಾಡಿದ್ರು. 2003ರಲ್ಲಿ ಅದರ ಪ್ರಬಂಧ ಅಂತಾರಾಷ್ಟ್ರೀಯ ಪತ್ರಿಕೆಯಲ್ಲಿ ಬಂತು. ಅವರು ಛೀ ಕೊಳಕು ಅಂತ ಬರೆದು ಮುಗಿಸಲಿಲ್ಲ. ಬೇಸಿಗೆಯಲ್ಲೂ ನಿಲ್ಲದ ನೀರು, ಅದರಲ್ಲೇ ಗೊಬ್ಬರ, ಸಣ್ಣ ರೈತನಿಗೆ ವರ್ಷಪೂರ್ತಿ ಆದಾಯ, ಅದನ್ನೂ ಬರೆದ್ರು. ಮಣ್ಣು ಕೆಡೋದು, ಆರೋಗ್ಯಕ್ಕೆ ಬರೋ ಅಪಾಯ, ಅದನ್ನೂ ಬರೆದ್ರು. ಊರಿನ ಕೊಳಚೆ ಹರಿದು ಹೋಗೋ ದಾರಿಯಲ್ಲಿ ಏನು ಬೆಳೀತಿದೆ ಅಂತ ಯಾವ ನಗರದಲ್ಲಾದ್ರೂ ಹೋಗಿ ನೋಡಿ, ಕೇಳಬೇಕಾದ ಪ್ರಶ್ನೆ ಸಿಗುತ್ತೆ.

ಬೆಂಗಳೂರಿನಲ್ಲಿ 2016ರಿಂದ ಇನ್ನೂ ದೊಡ್ಡ ಕೆಲಸ ನಡೀತು. ಜರ್ಮನಿಯ ಗಾಟಿಂಗೆನ್ ಮತ್ತು ಕಾಸೆಲ್ ವಿಶ್ವವಿದ್ಯಾಲಯಗಳು, ನಮ್ಮ ಜಿಕೆವಿಕೆ, ಇನ್ನೂ ಕೆಲವು ಸಂಸ್ಥೆಗಳು ಸೇರಿದ್ವು. ಹಣ ಜರ್ಮನಿಯ ಸಂಶೋಧನಾ ನಿಧಿಯಿಂದ, ಇಲ್ಲಿ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯಿಂದ. ನಗರದ ಉತ್ತರಕ್ಕೊಂದು, ದಕ್ಷಿಣಕ್ಕೊಂದು ಉದ್ದನೆಯ ಪಟ್ಟಿ ಗುರುತಿಸಿ, ಊರಿನೊಳಗಿಂದ ಹಳ್ಳಿಯವರೆಗೆ ಹೋಗ್ತಾ ಹೋಗ್ತಾ ಬೆಳೆ ಹೇಗೆ ಬದಲಾಗುತ್ತೆ, ಹಸು ಸಾಕೋರ ಲೆಕ್ಕ ಹೇಗೆ ಬದಲಾಗುತ್ತೆ ಅಂತ ಅಳೆದ್ರು. ಎರಡೂ ದೇಶದ ವಿದ್ಯಾರ್ಥಿಗಳಿಗೆ ಅದರಲ್ಲಿ ಪಿಎಚ್‌ಡಿ ಸಿಕ್ಕಿತು. ಇಂಥ ಪಟ್ಟಿ ವಿಜಯಪುರದ ಗಾಂಧಿ ಚೌಕದಿಂದ ತಿಕೋಟಾದವರೆಗೆ ಯಾಕೆ ಎಳೀಬಾರದು? ಮೂರು ಲಕ್ಷಕ್ಕೂ ಹೆಚ್ಚು ಜನ ಇರೋ ಊರಿನಿಂದ ಹೊರಟು ಅರ್ಧ ಗಂಟೆಯಲ್ಲಿ ದ್ರಾಕ್ಷಿ ಪಡಗಕ್ಕೆ ಬರ್ತೀರಿ.

ಒಂದು ಎಚ್ಚರಿಕೆ. ನಗರ ಕೃಷಿ ಅಂತ ಬೋರ್ಡ್ ಹಾಕಿದ ವಿಭಾಗ ನಮ್ಮ ಕೃಷಿ ವಿಶ್ವವಿದ್ಯಾಲಯಗಳಲ್ಲಿ ಹುಡುಕ್ತಾ ಕೂರಬೇಡಿ. ಈ ಪ್ರಶ್ನೆಗಳು ಬೇಸಾಯಶಾಸ್ತ್ರ, ಮಣ್ಣು ವಿಜ್ಞಾನ, ತರಕಾರಿ ವಿಜ್ಞಾನ, ಕೀಟಶಾಸ್ತ್ರ, ಅರ್ಥಶಾಸ್ತ್ರ, ವಿಸ್ತರಣೆ ಇವುಗಳ ಒಳಗೇ ಇರ್ತವೆ. ನೀವು ಸೇರೋದು ವಿಭಾಗಕ್ಕೆ, ಪ್ರಶ್ನೆ ನಿಮ್ಮದು. ಅಮೆರಿಕದ ವಾಷಿಂಗ್ಟನ್ ಡಿ.ಸಿ.ಯ ಸಾರ್ವಜನಿಕ ವಿಶ್ವವಿದ್ಯಾಲಯದಲ್ಲಿ ಕಾಲೇಜಿನ ಹೆಸರಲ್ಲೇ ಕೃಷಿಯ ಜೊತೆ ನಗರ ಸೇರಿಸಿದ್ದಾರೆ, ಅಲ್ಲಿನ ದಾರಿ ಬೇರೆ. ಅಲ್ಲಿ ಪ್ರೊಫೆಸರ್ ಹತ್ರ ಯೋಜನೆಯ ಹಣ ಇರುತ್ತೆ, ಅದರಿಂದಲೇ ವಿದ್ಯಾರ್ಥಿಗೆ ಫೀಸು ಕಟ್ಟಿ, ತಿಂಗಳಿಗಿಷ್ಟು ಅಂತ ಕೊಟ್ಟು ಕೆಲಸಕ್ಕಿಟ್ಟುಕೊಳ್ತಾರೆ. ಇದಕ್ಕೆ ಗ್ರಾಜುಯೇಟ್ ಅಸಿಸ್ಟೆಂಟ್‌ಶಿಪ್ ಅಂತಾರೆ. ಅವರಿಗೆ ಇಮೇಲ್ ಬರೆಯೋವಾಗ "ನಾನು ಶ್ರಮಜೀವಿ, ಅವಕಾಶ ಕೊಡಿ" ಅಂತ ಬರೆದ್ರೆ ಉತ್ತರ ಬರಲ್ಲ. "ನಮ್ಮ ತೋಟದ ಬೋರ್ ನೀರಿನ ಇ.ಸಿ. ಎರಡು ವರ್ಷ ಅಳೆದಿದ್ದೀನಿ, ಹೀಗಿದೆ" ಅಂತ ಬರೆದ್ರೆ ಕನಿಷ್ಠ ಓದ್ತಾರೆ.

ನಮ್ಮಲ್ಲಿ ಬಾಗಿಲು ಎರಡು. ರಾಜ್ಯದ ಕೃಷಿ ವಿಶ್ವವಿದ್ಯಾಲಯಗಳ ಪ್ರವೇಶ ಪ್ರಕಟಣೆ ಒಂದು. ಇನ್ನೊಂದು, ಭಾರತೀಯ ಕೃಷಿ ಸಂಶೋಧನಾ ಪರಿಷತ್ತು, ಅಂದ್ರೆ ಐಸಿಎಆರ್‌ನ ಅಖಿಲ ಭಾರತ ಪರೀಕ್ಷೆ. ಈ ಪರೀಕ್ಷೆಯಲ್ಲಿ ಮೇಲಿನ ರ‍್ಯಾಂಕ್ ಬಂದವರಿಗೆ ಐಸಿಎಆರ್ ಪಿಜಿ ಸ್ಕಾಲರ್‌ಶಿಪ್ ತಿಂಗಳಿಗೆ 12,640 ರೂಪಾಯಿ. ಬೇರೆ ರಾಜ್ಯಕ್ಕೆ ಹೋಗಿ ಓದೋರಿಗೆ ರಾಷ್ಟ್ರೀಯ ಪ್ರತಿಭಾ ವೇತನ ಅಂತ 5,000. ಪಿಎಚ್‌ಡಿ ಹಂತದಲ್ಲಿ ಯುಜಿಸಿ ಅಥವಾ ಸಿಎಸ್‌ಐಆರ್ ಜೆಆರ್‌ಎಫ್ ಸಿಕ್ಕವರಿಗೆ 2023ರಿಂದ ತಿಂಗಳಿಗೆ 37,000. ಮೊತ್ತ, ನಿಯಮ ಬದಲಾಗ್ತಾ ಇರ್ತವೆ, ಆಯಾ ವರ್ಷದ ಪ್ರಕಟಣೆಯನ್ನೇ ನೋಡಿ. ಕೋಚಿಂಗ್ ಸೆಂಟರಿನ ಪಾಂಪ್ಲೆಟ್ ನೋಡಿ ನಿರ್ಧಾರ ಮಾಡಬೇಡಿ. ಇದು ಯಾವುದೂ ಸಿಗದೇ ಇದ್ದರೆ? ಎಂಎಸ್ಸಿಯ ಎರಡು ವರ್ಷ ಮನೆಯ ದುಡ್ಡೇ. ಅದನ್ನ ಮುಚ್ಚಿಟ್ಟು ಮಾತಾಡೋದು ಸರಿಯಲ್ಲ. ಆ ಯಜಮಾನರ ಭಯ ಸುಳ್ಳು ಭಯ ಅಲ್ಲ.

ಇನ್ನೊಂದು ದೋಷ ಇದೆ, ಅದು ವಿದ್ಯಾರ್ಥಿಯದ್ದಲ್ಲ, ವ್ಯವಸ್ಥೆಯದ್ದು. ಎಂಎಸ್ಸಿ ಥೀಸಿಸ್‌ಗೆ ಸಿಗೋದು ಹೆಚ್ಚೂ ಕಡಿಮೆ ಒಂದು ಹಂಗಾಮು. ಒಂದು ವರ್ಷ ಮಳೆ ಸುರಿದು ಹೋಗುತ್ತೆ, ಮುಂದಿನ ವರ್ಷ ಮುಖವನ್ನೇ ತೋರಿಸಲ್ಲ, ಅಂಥ ಜಿಲ್ಲೆಯಲ್ಲಿ ಒಂದು ಹಂಗಾಮಿನ ಅಂಕಿ ಎಷ್ಟು ಮಾತ್ರ ಹೇಳೀತು? ಉಪ್ಪಂತೂ ನಿಧಾನದ ವೈರಿ, ವರ್ಷಗಟ್ಟಲೆ ತೊಗೊಳ್ಳುತ್ತೆ. ಒಬ್ಬ ವಿದ್ಯಾರ್ಥಿ ಅಳೆದ, ಡಿಗ್ರಿ ತೊಗೊಂಡು ಹೋದ. ಮುಂದಿನವನು ಬೇರೆ ಹೊಲ, ಬೇರೆ ವಿಷಯ. ಅದೇ ಹೊಲಕ್ಕೆ, ಅದೇ ಜಾಗಕ್ಕೆ, ಮೂರನೇ ವರ್ಷ ಯಾರು ಹೋಗ್ತಾರೆ? ಕೇಂದ್ರಗಳಲ್ಲಿ ದೀರ್ಘಕಾಲದ ಪ್ರಯೋಗಗಳು ಇವೆ, ಇಲ್ಲ ಅಂತಲ್ಲ. ನಾನು ಹೇಳ್ತಿರೋದು ರೈತನ ತೋಟದ ಮಾತು. ಥೀಸಿಸ್‌ಗಳನ್ನ ಒಂದರ ಹಿಂದೊಂದು ಪೋಣಿಸಿದ್ರೆ, ಐದು ವಿದ್ಯಾರ್ಥಿಗಳು ಸೇರಿ ಹತ್ತು ವರ್ಷದ ಲೆಕ್ಕ ಇಡಬಹುದು. ಒಬ್ಬ ಗೈಡ್ ಮನಸ್ಸು ಮಾಡಿದ್ರೆ ಸಾಕು, ಹೊಸ ಕಟ್ಟಡ ಬೇಕಿಲ್ಲ.

ಹಳೆಯ ಥೀಸಿಸ್ ಓದೋದಂತೂ ಈಗ ಸುಲಭ. ಐಸಿಎಆರ್‌ನ 'ಕೃಷಿಕೋಶ' ಅನ್ನೋ ಡಿಜಿಟಲ್ ಭಂಡಾರದಲ್ಲಿ ದೇಶದ ಕೃಷಿ ವಿಶ್ವವಿದ್ಯಾಲಯಗಳ ಥೀಸಿಸ್‌ಗಳನ್ನ ಇಟ್ಟಿದ್ದಾರೆ. ಸೇರೋ ಮುಂಚೆ ಒಂದು ತಿಂಗಳು ಅಲ್ಲಿ ಕೂತು ವಿಜಯಪುರ ಅಂತ ಹುಡುಕಿ. ಯಾರು ಎಲ್ಲಿ ನಿಲ್ಲಿಸಿದ್ರು ಅಂತ ಗೊತ್ತಾಗುತ್ತೆ, ಅಲ್ಲಿಂದ ಶುರು ಮಾಡಿ.

ವಾರ ಕಳೆದ ಮೇಲೆ ನಾನೇ ಯಜಮಾನರಿಗೆ ಫೋನ್ ಮಾಡಿದೆ. ಇಷ್ಟೆಲ್ಲ ಹೇಳಿದೆ. ಇ.ಸಿ. ಲೆಕ್ಕ ಬಂದಾಗ ಅವರು ನಡುವೆ ತಡೆದ್ರು.

"ತಡೀರಿ ಸರ್. ಜ್ವಾಳಕ್ಕ ಎಷ್ಟಂದ್ರಿ?"

"ಆರೂ ಮುಕ್ಕಾಲು."

"ದ್ರಾಕ್ಷಿಗ?"

"ಒಂದೂವರೆ."

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಕೇಳಿದ್ರು, ಅವರ ತೋಟದ ಪಶ್ಚಿಮದ ಕಡೆ ನಾಲ್ಕು ಸಾಲು ಬಳ್ಳಿಯ ಎಲೆ ಅಂಚು ಸುಟ್ಟ ಹಾಗೆ ಆಗ್ತಿದೆ, ಮೂರು ವರ್ಷ ಆಯ್ತು, ಔಷಧಿ ಅಂಗಡಿಯವರು ಕೊಟ್ಟಿದ್ದೆಲ್ಲ ಹೊಡೆದಾಯ್ತು, ಅದು ಉಪ್ಪು ಇರಬಹುದಾ ಅಂತ. ನಾನು ಟಿ.ವಿ.ಯವನು, ಹೇಗೆ ಹೇಳಲಿ? ಇರಬಹುದು, ಬೇರೆಯೂ ಇರಬಹುದು, ಅಳೆದು ನೋಡದೆ ಹೇಳೋಕಾಗಲ್ಲ ಅಂದೆ. ಕೈಯಲ್ಲಿ ಹಿಡಿಯೋ ಇ.ಸಿ. ಮೀಟರ್ ಒಂದೆರಡು ಸಾವಿರಕ್ಕೆ ಸಿಗುತ್ತೆ, ನೀರಿಗೆ ಅದು ಸಾಕು, ಮಣ್ಣನ್ನ ಮಾತ್ರ ಹಿಟ್ನಳ್ಳಿಗೆ ಕೊಟ್ಟು ಪರೀಕ್ಷೆ ಮಾಡಿಸಿ ಅಂತಲೂ ಹೇಳಿದೆ.

"ಹುಡುಗನ್ನ ಕಳಸ್ತೀನ್ರಿ," ಅಂದ್ರು. ಎಂಎಸ್ಸಿಗಾ, ಹಿಟ್ನಳ್ಳಿಗಾ ಅಂತ ನಾನು ಕೇಳಲಿಲ್ಲ. ಏಪ್ರಿಲ್ ಚಾಟ್ನಿಗೆ ಇನ್ನೂ ಮೂರು ವಾರ ಇತ್ತು. ಅಷ್ಟರೊಳಗೆ ಆ ನಾಲ್ಕು ಸಾಲಿನ ಬುಡದ ಮಣ್ಣನ್ನೂ, ಚೆನ್ನಾಗಿರೋ ಸಾಲಿನ ಬುಡದ ಮಣ್ಣನ್ನೂ ಬೇರೆ ಬೇರೆ ಚೀಲದಲ್ಲಿ ತುಂಬಿ, ಮೇಲೆ ಸಾಲಿನ ನಂಬರ್ ಬರೆದು ಒಯ್ಯಬೇಕು ಅಂತ ಮಾತ್ರ ಹೇಳಿದೆ.